ಎರಡು ವರ್ಷದಿಂದ ಎಲ್‌ಐಸಿ ಕಂತು ಕಟ್ಟಿಲ್ಲ, ಕಟ್ಟಿದ ದುಡ್ಡೆಲ್ಲ ಹೋಯ್ತಾ?

ಪ್ರಶ್ನೆ: ನಮ್ಮ ಯಜಮಾನರ ಹೆಸರಲ್ಲಿ 5 ಲಕ್ಷದ ಎಲ್‌ಐಸಿ ಎಂಡೋಮೆಂಟ್ ಪಾಲಿಸಿ ಇದೆ. 20 ವರ್ಷದ್ದು, ವರ್ಷಕ್ಕೊಂದು ಕಂತು. 6 ವರ್ಷ ತಪ್ಪದೆ ಕಟ್ಟಿದೆವು. ವ್ಯಾಪಾರ ಬಿದ್ದುಹೋಗಿ ಕಳೆದ ವರ್ಷದ್ದೂ ಈ ವರ್ಷದ್ದೂ ಕಟ್ಟಲು ಆಗಲಿಲ್ಲ. ಅಷ್ಟರಲ್ಲಿ ಅವರಿಗೆ ಶುಗರ್ ಬಂದಿದೆ. ಪರಿಚಯದ ಏಜೆಂಟರು "ಅದರ ಕಥೆ ಮುಗೀತು, ಹೊಸದು ಮಾಡಿಸಿ, ಶುಗರ್ ವಿಷಯ ಬರೆಯೋದು ಬೇಡ" ಅಂತಾರೆ. ಏನು ಮಾಡಲಿ?

ಉತ್ತರ: ದುಡ್ಡು ಹೋಗಿಲ್ಲ, ಪಾಲಿಸಿಯೂ ಮುಗಿದಿಲ್ಲ. ಹೊಸ ಪಾಲಿಸಿಗೆ ಈಗಲೇ ಸಹಿ ಹಾಕಬೇಡಿ. ಶುಗರ್ ಮುಚ್ಚಿಡುವ ಮಾತನ್ನಂತೂ ಕೇಳಲೇಬೇಡಿ.

ಕಂತಿನ ದಿನ ದಾಟಿದ ತಕ್ಷಣ ಪಾಲಿಸಿ ನಿಲ್ಲುವುದಿಲ್ಲ. ತಿಂಗಳ ಕಂತಿಗೆ 15 ದಿನ, ಮೂರು ತಿಂಗಳು, ಆರು ತಿಂಗಳು ಅಥವಾ ವರ್ಷದ ಕಂತಿಗೆ 30 ದಿನ ಗ್ರೇಸ್, ಅಂದರೆ ಹೆಚ್ಚುವರಿ ಸಮಯ, ಇರುತ್ತದೆ. ಆ ದಿನಗಳಲ್ಲಿ ಸಾವು ಸಂಭವಿಸಿದರೂ ಬಾಕಿ ಕಂತು ಹಿಡಿದುಕೊಂಡು ಉಳಿದ ಪೂರ್ತಿ ಮೊತ್ತ ಕೊಡುತ್ತಾರೆ. ಗ್ರೇಸ್ ಮುಗಿದ ಮೇಲೂ ಕಟ್ಟದಿದ್ದರೆ ಪಾಲಿಸಿ ಲ್ಯಾಪ್ಸ್, ಅಂದರೆ ವಿಮೆ ನಿಂತುಹೋಗುತ್ತದೆ.

ಆದರೆ ನೀವು 6 ವರ್ಷ ಕಟ್ಟಿದ್ದೀರಿ. ಹಾಗಾಗಿ ನಿಮ್ಮ ಪಾಲಿಸಿ ಈಗ ಪೇಡ್‌ಅಪ್ ಆಗಿದೆ. ಅಂದರೆ 20 ಕಂತಲ್ಲಿ 6 ಕಟ್ಟಿದ್ದಕ್ಕೆ ತಕ್ಕಷ್ಟು ವಿಮೆ ಉಳಿದಿದೆ. 5 ಲಕ್ಷದ 20ರಲ್ಲಿ 6 ಪಾಲು, 1,50,000 ರೂಪಾಯಿ. ಇದರ ಜೊತೆ ಆವರೆಗೆ ಸೇರಿದ ಬೋನಸ್, ಅಂದರೆ ಎಲ್‌ಐಸಿ ತನ್ನ ಲಾಭದಲ್ಲಿ ಪಾಲಿಸಿಗೆ ಸೇರಿಸುವ ಪಾಲು. ಮುಂದಕ್ಕೆ ಬೋನಸ್ ಸೇರುವುದಿಲ್ಲ. ಒಂದು ರೂಪಾಯಿ ಕಟ್ಟದಿದ್ದರೂ ಅವಧಿ ಮುಗಿದಾಗ, ಅಥವಾ ಅದಕ್ಕೂ ಮೊದಲೇ ಅವರಿಗೆ ಏನಾದರೂ ಆದರೆ, ಈ ಮೊತ್ತ ಸಿಗುತ್ತದೆ.

ನನಗೆ ಚಿಂತೆ ಇರೋದು ಇಲ್ಲೇ. ಎಲ್ಲರೂ ಕಟ್ಟಿದ ದುಡ್ಡಿನ ಲೆಕ್ಕ ಹಾಕುತ್ತಾರೆ. ಆದರೆ 5 ಲಕ್ಷ ಅಂತ ನಂಬಿಕೊಂಡಿರುವ ಮನೆಗೆ ಇವತ್ತು ಬರೋದು ಒಂದೂವರೆ ಲಕ್ಷ ಮತ್ತು ಆ ಬೋನಸ್ ಮಾತ್ರ. ಸಾವಾದರೆ ಮಾತ್ರ ದುಡ್ಡು ಕೊಡುವ ಬರೀ ಟರ್ಮ್ ಪಾಲಿಸಿ ಆಗಿದ್ದರೆ ಸಾಮಾನ್ಯವಾಗಿ ಅದೂ ಇಲ್ಲ.

ಪೂರ್ತಿ ವಿಮೆ ವಾಪಸ್ ಬೇಕಾದರೆ ರಿವೈವಲ್, ಅಂದರೆ ನಿಂತ ಪಾಲಿಸಿಗೆ ಮತ್ತೆ ಜೀವ ಕೊಡೋದು, ಮಾಡಿಸಬೇಕು. ನಿಮ್ಮಂಥ ಪಾಲಿಸಿಗೆ ಮೊದಲ ಬಾಕಿ ಕಂತಿನ ದಿನದಿಂದ 5 ವರ್ಷ ಸಮಯವಿದೆ, ಷೇರು ಮಾರುಕಟ್ಟೆಗೆ ಹೊಂದಿಕೊಂಡ ಯುಲಿಪ್ ಪಾಲಿಸಿಗಾದರೆ 3 ವರ್ಷ. ಬಾಕಿ ಕಂತನ್ನು ಬಡ್ಡಿ ಸೇರಿಸಿ ಕಟ್ಟಬೇಕು. ಎಲ್‌ಐಸಿ ಆಗಾಗ ರಿವೈವಲ್ ಅಭಿಯಾನ ನಡೆಸಿ ಲೇಟ್ ಫೀಯಲ್ಲಿ ರಿಯಾಯಿತಿ ಕೊಡುತ್ತದೆ, ಅದನ್ನೂ ವಿಚಾರಿಸಿ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ದುಡ್ಡಿನ ಜೊತೆ ಆರೋಗ್ಯದ ಘೋಷಣೆ ಕೇಳುತ್ತಾರೆ, ಬೇಕೆನಿಸಿದರೆ ರಕ್ತ ಪರೀಕ್ಷೆಯನ್ನೂ ಹೇಳುತ್ತಾರೆ. ಶುಗರ್ ಇದೆ ಅಂತ ಬರೆಯಿರಿ. ಯಾವಾಗ ಗೊತ್ತಾಯಿತು, ಯಾವ ಮಾತ್ರೆ, ಎಲ್ಲವನ್ನೂ. ಎಲ್‌ಐಸಿ ಒಪ್ಪಬಹುದು, ಪ್ರೀಮಿಯಂ ಸ್ವಲ್ಪ ಏರಿಸಬಹುದು, ಬೇಡ ಎನ್ನಲೂಬಹುದು. ಬೇಡ ಅಂದರೂ ಪೇಡ್‌ಅಪ್ ಮೊತ್ತ ಎಲ್ಲೂ ಹೋಗುವುದಿಲ್ಲ.

ಮುಚ್ಚಿಟ್ಟರೆ? 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿ ಶುರುವಾದ 3 ವರ್ಷದೊಳಗೆ ಸುಳ್ಳು ಮಾಹಿತಿಯ ಕಾರಣಕ್ಕೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದು. ಆ ಮೂರು ವರ್ಷ ರಿವೈವಲ್ ದಿನದಿಂದ ಮತ್ತೆ ಹೊಸದಾಗಿ ಶುರುವಾಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಆ ಅವಧಿಯಲ್ಲಿ ಅವರಿಗೆ ಏನಾದರೂ ಆದರೆ ಕಂಪನಿಯವರು ಆಸ್ಪತ್ರೆಯ ಹಳೇ ಚೀಟಿ ತೆಗೆಸುತ್ತಾರೆ. ಪೂರ್ತಿ ಕ್ಲೇಮ್ ನಿಂತುಹೋಗಬಹುದು. ಆಗ ಬ್ರಾಂಚಿಗೆ ಅಲೆಯೋದು ನೀವು, ಏಜೆಂಟರಲ್ಲ.

ಹೊಸ ಪಾಲಿಸಿಗೂ ಇದೇ ಘೋಷಣೆ, ಇದೇ ಮೂರು ವರ್ಷ. ಮೇಲಾಗಿ ಈಗಿನ ವಯಸ್ಸಿನ ದರ. ರಿವೈವಲ್‌ನಲ್ಲಾದರೆ ಸೇರಿದಾಗಿನ ವಯಸ್ಸಿನ ದರವೇ ಲೆಕ್ಕಕ್ಕೆ. ಹೊಸ ಪಾಲಿಸಿಯ ಮೊದಲ ವರ್ಷದ ಕಮಿಷನ್ ಮುಂದಿನ ವರ್ಷಗಳಿಗಿಂತ ತುಂಬಾ ಜಾಸ್ತಿ ಇರುತ್ತದೆ ಅನ್ನೋದೂ ನಿಮಗೆ ತಿಳಿದಿರಲಿ. ಹಳೆಯದನ್ನು ಉಳಿಸಿಕೊಡಲು ಓಡಾಡುವ ಒಳ್ಳೆಯ ಏಜೆಂಟರೂ ಬೇಕಾದಷ್ಟು ಜನ ಇದ್ದಾರೆ, ಅಂಥವರನ್ನು ಹಿಡಿಯಿರಿ.

ಪಾಲಿಸಿ ಬಾಂಡ್, ಅಂದರೆ ಎಲ್‌ಐಸಿ ಕೊಟ್ಟ ಪಾಲಿಸಿ ಪತ್ರ, ತೆಗೆದು ಒಂದು ಸಲ ಓದಿ. ಎಲ್‌ಐಸಿಯ ಕೆಲವು ಹಳೆಯ ಪಾಲಿಸಿಗಳಲ್ಲಿ 3 ವರ್ಷ ಕಟ್ಟಿದ್ದರೆ ಮುಂದಿನ 6 ತಿಂಗಳು, 5 ವರ್ಷ ಕಟ್ಟಿದ್ದರೆ 12 ತಿಂಗಳು ಪೂರ್ತಿ ವಿಮೆ ಮುಂದುವರಿಯುವ ರಿಯಾಯಿತಿ ಇದೆ. ನಿಮಗೆ ಆ ಗಡುವು ದಾಟಿರಬಹುದು. ಕಂತು ಬಾಕಿ ಇದ್ದಾಗಲೇ ಯಾರನ್ನಾದರೂ ಕಳೆದುಕೊಂಡ ಮನೆಯವರು ಇದನ್ನು ನೋಡದೆ ಸುಮ್ನೆ ಕೈಬಿಡಬಾರದು.

ಸಂಬಳದಲ್ಲೇ ಕಂತು ಹಿಡಿಸುವವರಿಗೂ ಒಂದು ಮಾತು. ಕೆಲಸ ಬದಲಿಸಿದರೆ ಕಡಿತ ನಿಂತುಹೋಗುತ್ತದೆ, ಎಷ್ಟೋ ಸಲ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಹಳೇ ಕಂಪನಿ ಬಿಡುವಾಗಲೇ ಬ್ರಾಂಚಿಗೆ ತಿಳಿಸಿ.

ನೀವು ಬಾಂಡ್, ಕೊನೆಯ ರಸೀದಿ, ಯಜಮಾನರ ಗುರುತಿನ ಚೀಟಿ ಹಿಡಿದುಕೊಂಡು ಪಾಲಿಸಿ ಇರುವ ಬ್ರಾಂಚಿಗೆ ಹೋಗಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ, ಸಹಿ ಅವರದೇ ಬೇಕು. ರಿವೈವಲ್ ಕೊಟೇಶನ್ ಕೊಡಿ ಅನ್ನಿ. ಬಾಕಿ ಎಷ್ಟು, ಬಡ್ಡಿ ಎಷ್ಟು, ಯಾವ ಪರೀಕ್ಷೆ ಬೇಕು ಅಂತ ಬರೆದುಕೊಡುತ್ತಾರೆ. ಒಟ್ಟಿಗೆ ಕಟ್ಟುವುದು ಕಷ್ಟ ಅನಿಸಿದರೆ ಅಲ್ಲೇ ಹೇಳಿ, ಕಂತಾಗಿ ರಿವೈವಲ್ ಮಾಡುವ ದಾರಿ ನಿಮ್ಮ ಪಾಲಿಸಿಗೆ ಇದೆಯಾ ಅಂತ ಕೇಳಿ. ದುಡ್ಡನ್ನು ಕೌಂಟರಿನಲ್ಲೋ ಎಲ್‌ಐಸಿ ಆ್ಯಪಿನಲ್ಲೋ ಕಟ್ಟಿ, ರಸೀದಿ ಇಟ್ಟುಕೊಳ್ಳಿ.