ಆಟಕ್ಕುಂಟು, ಲೆಕ್ಕಕ್ಕಿಲ್ಲ: ನಾಲ್ಕನೇ ಹಂತದ ಸ್ತನ ಕ್ಯಾನ್ಸರ್ ರೋಗಿಗಳ ಹೋರಾಟ

"ಟ್ರೀಟ್‌ಮೆಂಟ್ ಯಾವಾಗ ಮುಗಿಯುತ್ತೆ?" ನಾಲ್ಕನೇ ಹಂತದ ಸ್ತನ ಕ್ಯಾನ್ಸರ್ ಇರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರದು ಒಳ್ಳೆ ಮನಸ್ಸೇ. ಆದರೆ ಅದು ಮುಗಿಯುವುದಿಲ್ಲ. ಕ್ಯಾನ್ಸರ್ ಮೂಳೆಗೋ ಲಿವರಿಗೋ ಮಿದುಳಿಗೋ ಹರಡಿದ ಮೇಲೆ ಒಂದು ಔಷಧ ಕೆಲಸ ಮಾಡುವಷ್ಟು ದಿನ ಅದು, ಆಮೇಲೆ ಇನ್ನೊಂದು, ನಡುವೆ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್, ರಿಪೋರ್ಟ್ ಕೈಗೆ ಬರುವ ತನಕ ನಿದ್ದೆ ಇಲ್ಲ.

ಸ್ತನ ಕ್ಯಾನ್ಸರ್ ಜಾಗೃತಿಯ ಗುಲಾಬಿ ರಿಬ್ಬನ್ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಪೀಚ್ ಬಣ್ಣದ್ದೊಂದು ಇತ್ತು. 1990ರ ದಶಕದ ಶುರುವಿನಲ್ಲಿ ಅಮೆರಿಕದ ಚಾರ್ಲೊಟ್ ಹೇಲಿ ಮನೆಯಲ್ಲೇ ಕೂತು ರಿಬ್ಬನ್ ಮಾಡಿ, ಒಂದು ಕಾರ್ಡಿನ ಜೊತೆ ಹಂಚುತ್ತಿದ್ದರು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರ್ಷದ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ಕ್ಯಾನ್ಸರ್ ತಡೆಯಲು ಖರ್ಚಾಗುವುದು ಬರೀ ಶೇ. 5 ಅಂತ ಆ ಕಾರ್ಡಿನಲ್ಲಿತ್ತು. 1992ರಲ್ಲಿ ಒಂದು ಪತ್ರಿಕೆ ಮತ್ತು ಎಸ್ಟೀ ಲಾಡರ್ ಎಂಬ ಸೌಂದರ್ಯವರ್ಧಕ ಕಂಪನಿ ಕೈಜೋಡಿಸೋಣ ಅಂದಾಗ, ಇದು ವ್ಯಾಪಾರವಾಗುತ್ತೆ ಅಂತ ಆಕೆ ಒಪ್ಪಲಿಲ್ಲ. ಅವರು ಬಣ್ಣ ಬದಲಿಸಿಕೊಂಡರು, ಅಷ್ಟೇ. ರಿಬ್ಬನ್ ಊರೆಲ್ಲ ಹರಡಿತು, ಕಾರ್ಡ್ ಮಾತ್ರ ಹಿಂದೆಯೇ ಉಳಿಯಿತು.

ಆಮೇಲೆ ಬಂದ ಗುಲಾಬಿ ಕಾರ್ಯಕ್ರಮಗಳೆಲ್ಲ ಗೆದ್ದವರ ಹಬ್ಬ. ಬೇಗ ಪತ್ತೆ ಮಾಡಿ, ಗುಣವಾಗಿ. ಸರಿ, ಬೇಗ ಪತ್ತೆಯಾಗಿಯೂ ವರ್ಷಗಳ ಮೇಲೆ ಕಾಯಿಲೆ ಮರಳಿ ಬಂದವರು ಏನು ಮಾಡಬೇಕು? ಅಲ್ಲಿ ಅವರು ಅಪಶಕುನದ ಹಾಗೆ.

ಈ ಬೇಸರದಿಂದಲೇ 2004ರಲ್ಲಿ ಮೆಟಾಸ್ಟಾಟಿಕ್ (ಅಂದರೆ ಬೇರೆ ಅಂಗಗಳಿಗೆ ಹರಡಿದ) ಬ್ರೆಸ್ಟ್ ಕ್ಯಾನ್ಸರ್ ನೆಟ್‌ವರ್ಕ್ ಎಂಬ ಸಂಘಟನೆ ಹುಟ್ಟಿತು. ರೋಗಿಗಳು ತಾವೇ ವಾಷಿಂಗ್ಟನ್‌ಗೆ ಹೋಗಿ ಒತ್ತಾಯಿಸಿದ್ದರಿಂದ 2009ರಲ್ಲಿ ಅಕ್ಟೋಬರ್ 13 ಅವರ ಜಾಗೃತಿ ದಿನವಾಯಿತು. ಅಕ್ಟೋಬರ್ ಪೂರ್ತಿ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು; ಆ 31 ದಿನದ ಗುಲಾಬಿ ತಿಂಗಳಲ್ಲಿ ಒಂದೇ ಒಂದು ದಿನ, ನೋಡಿ! 2015ರಲ್ಲಂತೂ ಅದೇ ಊರಲ್ಲಿ ಸತ್ತವರ ಹಾಗೆ ನೆಲದ ಮೇಲೆ ಸಾಲಾಗಿ ಮಲಗಿ ಪ್ರತಿಭಟಿಸಿದರು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಎಣಿಕೆಯ ವಿಷಯ. ಅಮೆರಿಕದ ಕ್ಯಾನ್ಸರ್ ದಾಖಲೆಯಲ್ಲಿ ಮೊದಲ ಪತ್ತೆ ಬರೆದುಕೊಳ್ಳುತ್ತಾರೆ, ಸಾವನ್ನೂ ಬರೆದುಕೊಳ್ಳುತ್ತಾರೆ. ನಡುವೆ ಕಾಯಿಲೆ ಮರಳಿದ್ದನ್ನು ಸರಿಯಾಗಿ ಬರೆದುಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ನಾಲ್ಕನೇ ಹಂತದಲ್ಲಿ ಬದುಕಿರುವವರು ಎಷ್ಟು ಅಂತ ಕೇಳಿದರೆ ಉತ್ತರವೇ ಇರಲಿಲ್ಲ. ಸಂಖ್ಯೆ ಇಲ್ಲದೆ ಸಂಶೋಧನೆಗೆ ದುಡ್ಡು ಕೇಳುವುದಾದರೂ ಹೇಗೆ, ಅಲ್ವಾ? ಕೊನೆಗೆ 2017ರಲ್ಲಿ ಸಂಶೋಧಕರು ಲೆಕ್ಕ ಹಾಕಿ ಅಂದಾಜು ಕೊಟ್ಟರು: ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರು. ಅವರಲ್ಲಿ ನಾಲ್ಕರಲ್ಲಿ ಮೂವರಿಗೆ ಮೊದಲು ಪತ್ತೆಯಾಗಿದ್ದು ಆರಂಭದ ಹಂತಗಳಲ್ಲೇ. ಅಂದರೆ ದಾಖಲೆಯಿಂದ ಜಾರಿಹೋಗಿದ್ದವರೇ ಜಾಸ್ತಿ.

ಈಗಿನ ಜಗಳ ಕಾಯುವಿಕೆಯದು. ಅಲ್ಲಿ ಅಂಗವೈಕಲ್ಯ ಭತ್ಯೆ ಶುರುವಾಗಲು 5 ತಿಂಗಳು, ಅದಾದ ಮೇಲೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗಲು ಇನ್ನೂ 24. ಇದನ್ನು ತೆಗೆಯಲು ಮಸೂದೆ ಹಲವು ಸಲ ಮಂಡನೆಯಾಗಿದೆ. ಒಂದು ಮಂಡನೆಯಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ಅಂತರ. ಹೋದ ಸಲ ಸಹಿ ಸಂಗ್ರಹಿಸಿದವರ ಜಾಗದಲ್ಲಿ ಈ ಸಲ ಬೇರೆಯವರು ನಿಂತಿರುತ್ತಾರೆ.