ಸೆನ್ಸರ್ ಕಟ್ಟಿಕೊಂಡು ಪಥಸಂಚಲನ ಬೇಡ

ನಡಿಗೆ ಅಳೆಯಲೆಂದು ಕಾಲಿಗೆ ಸೆನ್ಸರ್ ಕಟ್ಟಿದ ಕೂಡಲೇ ನಮ್ಮ ಹಿರಿಯರಿಗೆ ಅದೇನಾಗುತ್ತದೋ! ಬೆನ್ನು ನೆಟ್ಟಗಾಗುತ್ತದೆ, ಕೈಗಳು ಗಣರಾಜ್ಯೋತ್ಸವಕ್ಕೆ ಹೊರಟವರಂತೆ ಬೀಸುತ್ತವೆ. ಜೊತೆಗೆ ಬಂದ ಮಗಳು ಬೇರೆ, "ಅಪ್ಪಾ, ಕಾಲೆತ್ತಿ ಇಡಿ" ಎಂದು ಹೇಳಿಕೊಡುತ್ತಾಳೆ. ನಾನು ಕೈಮುಗಿಯುವುದೊಂದು ಬಾಕಿ.

ಸೊಂಟದ ಹಿಂದೆ ಒಂದು, ಕಣಕಾಲುಗಳಿಗೆ ಒಂದೊಂದು. ಈ ಪುಟ್ಟ ಸಾಧನಗಳು ವೇಗೋತ್ಕರ್ಷವನ್ನೂ (ವೇಗ ಬದಲಾಗುವ ದರ) ತಿರುಗುವ ವೇಗವನ್ನೂ ಸೆಕೆಂಡಿಗೆ ಸುಮಾರು 100 ಬಾರಿ ಅಳೆದು ಬ್ಲೂಟೂತ್ ಮೂಲಕ ಕಳಿಸುತ್ತವೆ. ಹಿಮ್ಮಡಿ ಯಾವಾಗ ನೆಲ ಮುಟ್ಟಿತು, ಹೆಬ್ಬೆರಳು ಯಾವಾಗ ನೆಲ ಬಿಟ್ಟಿತು ಎಂಬುದನ್ನು ಅದರಿಂದ ಲೆಕ್ಕ ಹಾಕುತ್ತೇವೆ. ಅಂಕ ಕೊಡುವುದಿಲ್ಲ. ಯಾರನ್ನೂ ಫೇಲು ಮಾಡುವುದಿಲ್ಲ. ಇದನ್ನು ಎಷ್ಟು ಬಾರಿ ಹೇಳಿದರೂ ಸಾಲದು.

ಕಾರಿಡಾರಿನಲ್ಲಿ 10 ಮೀಟರ್ ದೂರವನ್ನು ಮನಸ್ಸಿಟ್ಟು ಚೆನ್ನಾಗಿ ನಡೆದುಬಿಡಬಹುದು. ಚಲನೆಯನ್ನು ನಿಧಾನಗೊಳಿಸುವ ನರರೋಗವಾದ ಪಾರ್ಕಿನ್‌ಸನ್ ಇರುವ ಅನೇಕರಿಗೆ ಗಮನವಿಟ್ಟಷ್ಟು ಹೊತ್ತು ಹೆಜ್ಜೆ ಉದ್ದವಾಗಿಯೇ ಬೀಳುತ್ತದೆ. ಕುಕ್ಕರ್ ಕೂಗಿತೆಂದೋ ಫೋನ್ ಬಂತೆಂದೋ ಮನಸ್ಸು ಅತ್ತ ಹೋಯಿತೆನ್ನಿ, ಹೆಜ್ಜೆ ಗಿಡ್ಡವಾಗುತ್ತದೆ. ಬಾಗಿಲಲ್ಲಿ, ತಿರುವಿನಲ್ಲಿ ಪಾದ ನೆಲಕ್ಕೆ ಅಂಟಿಕೊಳ್ಳುತ್ತದೆ. ನಡೆಯುವಾಗ ಮಾತಾಡಿಸಿದರೆ ನಿಂತುಬಿಡುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ವರದಿ ಮಾಡಿದ್ದರು. ನಮಗೆ ಬೇಕಾದದ್ದು ಆ ಮೈಮರೆತ ನಡಿಗೆ. ನೀವು ಕಷ್ಟಪಟ್ಟು ಬಚ್ಚಿಡುವುದೂ ಅದನ್ನೇ.

ಪಾರ್ಕಿನ್‌ಸನ್ ಇದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಒಂದು ವಾರದ ಮಟ್ಟಿಗೆ ಕಟ್ಟಿ ಕಳಿಸಿದ್ದೆವು. ಮರಳಿ ಬಂದ ದಾಖಲೆಯಲ್ಲಿ ಬೆಳಗಿನ ವಾಯುವಿಹಾರದ ಹೊತ್ತು ಮಾತ್ರ ಇತ್ತು. ಲಯವೋ, ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಉಳಿದ ಹೊತ್ತೆಲ್ಲ ಸಾಧನಗಳು ಷೋಕೇಸಿನಲ್ಲಿ ಭದ್ರವಾಗಿದ್ದವು. "ಮನೆಯೊಳಗೆ ಓಡಾಡುವುದನ್ನೂ ವಾಕಿಂಗ್ ಅನ್ನುತ್ತಾರೇನು ಡಾಕ್ಟರೇ?" ಎಂದು ನನಗೇ ಪಾಠ ಮಾಡಿದರು. ಅವರು ಹಿಂದೆ ಬಿದ್ದದ್ದು ಬಚ್ಚಲುಮನೆಯ ಹೊಸ್ತಿಲಲ್ಲಿ. ಗೋಗರೆದು ಮತ್ತೆ ಕಟ್ಟಿಸಿದಾಗ, ರಾತ್ರಿ ಎದ್ದು ಹೋಗುವಾಗಿನ ತಿರುವುಗಳೇ ಬೇರೆ ಕಥೆ ಹೇಳಿದವು: ಹಗಲಲ್ಲಿ ಮೂರು ನಾಲ್ಕು ಹೆಜ್ಜೆಗೆ ತಿರುಗುವವರು ಆಗ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ತಡವರಿಸುತ್ತಿದ್ದರು. ಅದನ್ನು ನೋಡಿ ನರರೋಗ ತಜ್ಞರು ರಾತ್ರಿಯ ಮಾತ್ರೆಯ ಬಗ್ಗೆ ಮರುಯೋಚನೆ ಮಾಡಿದರು.

ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಪಟ್ಟಿ ಸಡಿಲವಾದರೆ ಅದರ ಅಲುಗಾಟವೂ ಲೆಕ್ಕಕ್ಕೆ ಸೇರೀತು. ವಾಕರ್ ಹಿಡಿದು ನಿಧಾನವಾಗಿ ನಡೆಯುವವರ ಹೆಜ್ಜೆಗಳನ್ನು ಕೈಗೆ ಕಟ್ಟುವ ವಾಚುಗಳು ಎಷ್ಟೋ ಬಾರಿ ಎಣಿಸುವುದೇ ಇಲ್ಲ; ಆದ್ದರಿಂದ ಆ ಸಂಖ್ಯೆ ಹಿಡಿದು ಅಮ್ಮನನ್ನು ಸೋಮಾರಿ ಎನ್ನಬೇಡಿ. ವರದಿ ನೋಡಿ ಮಾತ್ರೆಯನ್ನು ನೀವಾಗಿಯೇ ಬದಲಿಸುವುದಂತೂ ಕೂಡದು.

ಹೊಸ ಶೂ ಕೊಳ್ಳುವ ಅಗತ್ಯವಿಲ್ಲ, ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯೇ ಇರಲಿ. ಸ್ನಾನಕ್ಕೆ ಬಿಚ್ಚಬಹುದು. ಮತ್ತೆ ಕಟ್ಟುವಾಗ ಎಡಗಾಲಿನದನ್ನು ಎಡಗಾಲಿಗೇ ಕಟ್ಟಿ.