ಕೊಳಗ ಯಾರ ಕೈಯಲ್ಲಿದೆ?

ಓದುಗರ ಪ್ರಶ್ನೆ: ಬಂಡವಾಳಶಾಹಿಯಲ್ಲಿ ಕಷ್ಟಪಟ್ಟು ದುಡಿದವರು ಮೇಲೆ ಬರುತ್ತಾರೆ, ಸಮಾಜವಾದದಲ್ಲಿ ದುಡಿದವನಿಗೂ ಸೋಮಾರಿಗೂ ಒಂದೇ ಪಾಲು ಅಂತಾರೆ. ಇದು ನಿಜಾನಾ? ಪಿಯುಸಿ ಓದುವ ಮಗ ಕೇಳುತ್ತಿದ್ದಾನೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ಮಗನಿಗೆ ಮೊದಲು ಕಾಗೋಡಿನ ಕಥೆ ಹೇಳಿ. ಶಿವಮೊಗ್ಗ ಜಿಲ್ಲೆಯಲ್ಲಿ ಸಾಗರದ ಹತ್ತಿರದ ಹಳ್ಳಿ ಅದು. ಅಲ್ಲಿನ ಗೇಣಿದಾರರು ವರ್ಷವಿಡೀ ಗದ್ದೆಯಲ್ಲಿ ದುಡಿದು, ಕೊಯ್ಲಾದ ಮೇಲೆ ಒಡೆಯರ ಪಾಲಿನ ಭತ್ತವನ್ನು ಕೊಳಗ ಅನ್ನೋ ಅಳತೆಯ ಪಾತ್ರೆಯಲ್ಲಿ ಅಳೆದು ಕೊಡಬೇಕಿತ್ತು. ಆದರೆ ಗೇಣಿ ಅಳೆಯುವ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಿತ್ತು. ಪ್ರತಿ ಸಲ ತುಂಬಿದಾಗಲೂ ಒಂದಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಮೈಮುರಿದು ಬೆಳೆದದ್ದು ಅಳತೆಯ ಹೊತ್ತಿಗೆ ಸೋರಿಹೋಗುತ್ತಿತ್ತು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಆ ರೈತರು ಎದ್ದು ನಿಂತರು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅನ್ನೋದು ಅವರ ಮಾತಾಗಿತ್ತು. ಅದೇ ಕಾಗೋಡು ಸತ್ಯಾಗ್ರಹ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಕೊಳಗದಲ್ಲೇ ಇದೆ. ದುಡಿಮೆ ಬೇಕೇ ಬೇಕು. ಅದಿಲ್ಲದೆ ಗದ್ದೆಯಲ್ಲಿ ಭತ್ತ ಬೆಳೆಯದು. ಆದರೆ ದುಡಿದದ್ದರಲ್ಲಿ ಯಾರಿಗೆಷ್ಟು ಅನ್ನೋದನ್ನು ಕೊಳಗ ಹಿಡಿದವರು ತೀರ್ಮಾನಿಸುತ್ತಾರೆ. ಬಂಡವಾಳಶಾಹಿಯಲ್ಲೂ ಅಷ್ಟೇ, ಸಮಾಜವಾದದಲ್ಲೂ ಅಷ್ಟೇ.

ಬಂಡವಾಳಶಾಹಿಯಲ್ಲಿ ಕೊಳಗ ಇರೋದು ಮಾರುಕಟ್ಟೆಯ ಕೈಯಲ್ಲಿ ಮತ್ತು ಆಸ್ತಿ ಇದ್ದವರ ಕೈಯಲ್ಲಿ. ಕೋಲಾರದ ಟೊಮೆಟೊ ನೋಡಿ. ಸಸಿ ನೆಡಬೇಕು, ಕಡ್ಡಿ ನಿಲ್ಲಿಸಿ ದಾರ ಕಟ್ಟಬೇಕು, ಔಷಧಿ ಹೊಡೀಬೇಕು, ಬಿಸಿಲಲ್ಲಿ ಕಾಯಿ ಕೀಳಿಸಬೇಕು, ರಾತ್ರಿ ಬಾಕ್ಸ್ ತುಂಬಿ ಬೆಳಗಿನ ಹರಾಜಿಗೆ ಮಂಡಿ ಮುಟ್ಟಿಸಬೇಕು. ಈ ಕೆಲಸ ಯಾವ ವರ್ಷವೂ ಕಡಿಮೆ ಆಗೋದಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಕೆಲವರು ಒಂದೇ ಬೆಳೆಯಲ್ಲಿ ಸಾಲ ತೀರಿಸಿ ಮನೆ ಕಟ್ಟುವಷ್ಟು ಕಂಡರು. ಬೇರೆ ಎಷ್ಟೋ ಸಲ ಅದೇ ಹಣ್ಣಿಗೆ ಕೀಳುವ ಕೂಲಿಯೂ ಹುಟ್ಟದೆ ರೈತರು ರಸ್ತೆ ಬದಿ ಸುರಿದಿದ್ದಾರೆ. ಎರಡು ಕಡೆಯೂ ಬೆವರು ಒಂದೇ. ಮಾರುಕಟ್ಟೆ ಬೆವರನ್ನು ಅಳೆಯೋದಿಲ್ಲ. ಇವತ್ತು ಕೊಳ್ಳುವವನಿಗೆ ಎಷ್ಟು ಬೇಕು, ಮಂಡಿಗೆ ಎಷ್ಟು ಬಂದಿದೆ ಅನ್ನೋದನ್ನಷ್ಟೇ ಅಳೆಯುತ್ತದೆ. ಮುಕ್ತ ಮಾರುಕಟ್ಟೆಯ ಪರವಾಗಿ ಜೀವನಪೂರ್ತಿ ವಾದಿಸಿದ, ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಕೂಡ ಇದನ್ನು ಮುಚ್ಚಿಡಲಿಲ್ಲ. ಮಾರುಕಟ್ಟೆ ಕೊಡೋದು ಯೋಗ್ಯತೆಗೆ ಬಹುಮಾನ ಅಲ್ಲ ಅನ್ನೋದು ಅವರ ನಿಲುವಾಗಿತ್ತು.

ಇನ್ನು ಆಸ್ತಿ. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತು. ಸುತ್ತಲಿನ ಜಮೀನಿನ ಬೆಲೆ ಎಲ್ಲಿಂದ ಎಲ್ಲಿಗೋ ಹೋಯಿತು. ರಸ್ತೆ ಬದಿ ಎರಡೆಕರೆ ಇಟ್ಟುಕೊಂಡು ಸುಮ್ನೆ ಕೂತವರು ಶ್ರೀಮಂತರಾದರು. ಅದೇ ಎರಡೆಕರೆಯಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ದುಡಿದ ಕೂಲಿಯವರ ಬದುಕು ಅಷ್ಟು ಬದಲಾಗಲಿಲ್ಲ.

ಹಾಗಂತ ಬಂಡವಾಳಶಾಹಿಯಲ್ಲಿ ದುಡಿಮೆಗೆ ಬೆಲೆಯೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಂತ ಅಂಗಡಿ ತೆರೆಯಬಹುದು, ಕೆಲಸ ಬಿಟ್ಟು ಬೇರೆ ಕಡೆ ಹೋಗಬಹುದು, ಹೊಸದೇನಾದರೂ ಮಾಡಿ ಮಾರಬಹುದು. ಈ ಬಾಗಿಲು ದೊಡ್ಡದು. ಇದು ಮುಚ್ಚಿದ ಕಡೆ ಏನಾಗುತ್ತದೆ ಅಂತ ರಷ್ಯಾ, ಚೀನಾ ತೋರಿಸಿವೆ.

ಸಮಾಜವಾದ ಅಂದರೆ ಎಲ್ಲರಿಗೂ ಒಂದೇ ಪಾಲು ಅನ್ನೋದು ನಮ್ಮಲ್ಲಿ ಬೇರೂರಿದ ಮಾತು. ಆದರೆ 1936ರ ಸೋವಿಯತ್ ಸಂವಿಧಾನ ಹೇಳಿದ್ದೇ ಬೇರೆ. ದುಡಿಯದವನಿಗೆ ಊಟವಿಲ್ಲ, ಶಕ್ತಿಗೆ ತಕ್ಕ ದುಡಿಮೆ, ದುಡಿಮೆಗೆ ತಕ್ಕ ಪಾಲು ಅಂತ ಅದರಲ್ಲಿ ಬರೆದಿತ್ತು. ಎಲ್ಲರಿಗೂ ಸರಿಸಮ ಸಂಬಳ ಕೊಡುವ ಪದ್ಧತಿಯನ್ನು ಸ್ಟಾಲಿನ್ 1931ರಲ್ಲೇ ಬಹಿರಂಗವಾಗಿ ಖಂಡಿಸಿದ್ದರು. ಕಾಗದದ ಮೇಲೆ ನೋಡಿದರೆ, ಕಷ್ಟಪಟ್ಟವನಿಗೆ ಜಾಸ್ತಿ ಅನ್ನೋ ಮಾತನ್ನು ಬಂಡವಾಳಶಾಹಿಗಿಂತ ಸಮಾಜವಾದವೇ ಗಟ್ಟಿಯಾಗಿ ಹೇಳಿದೆ!

ಕಾಗದದ ಆಚೆ ಏನಾಯಿತು ಅಂತ ನೋಡೋಣ. 1935ರ ಆಗಸ್ಟ್ ಕೊನೆಯ ಒಂದು ರಾತ್ರಿ, ಸೋವಿಯತ್ ಒಕ್ಕೂಟದ ದೊನ್ಬಾಸ್ ಪ್ರದೇಶದ ಗಣಿಯಲ್ಲಿ ಅಲೆಕ್ಸಿ ಸ್ಟಖಾನೋವ್ ಅನ್ನೋ ಕೆಲಸಗಾರ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ. ನಿಗದಿ ಇದ್ದದ್ದು 7 ಟನ್. ಅವನ ಹಿಂದೆ ಗಣಿಗೆ ಮರದ ಆಸರೆ ಕೊಡುತ್ತಾ ಬಂದ ಸಹಾಯಕರೂ ಇದ್ದರು. ಅವರ ಹೆಸರು ಮೆರೆಯಲಿಲ್ಲ. ಸ್ಟಖಾನೋವ್‌ಗೆ ಹೊಸ ಮನೆ, ಬಹುಮಾನ, ದೇಶದ ತುಂಬ ಹೆಸರು ಬಂತು. ಅವನಂತೆ ದುಡಿಯಿರಿ ಅಂತ ಕಾರ್ಖಾನೆ ಕಾರ್ಖಾನೆಗಳಲ್ಲಿ ಚಳವಳಿಯೇ ನಡೆಯಿತು. 1936ರಲ್ಲಿ ಸರ್ಕಾರ ಎಷ್ಟೋ ಉದ್ಯಮಗಳಲ್ಲಿ ಎಲ್ಲರ ನಿಗದಿಯನ್ನೂ ಏರಿಸಿತು. ನಿನ್ನೆಯ ಕೂಲಿ ಬೇಕಾದರೆ ಇವತ್ತು ಜಾಸ್ತಿ ಕೆಲಸ. ಜೊತೆಗಾರರು ಇಂಥ ವೀರರನ್ನು ಕಂಡರೆ ಉರಿದುಬೀಳುತ್ತಿದ್ದರು ಅನ್ನೋದರಲ್ಲಿ ಆಶ್ಚರ್ಯವೇನಿದೆ?

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಚಿಕ್ಕಮ್ಮ. ಅವರು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ 11 ವರ್ಷ ಶರ್ಟಿಗೆ ಕಾಲರ್ ಹೊಲಿದರು. ಗಂಟೆಗೆ ಇಷ್ಟು ಪೀಸ್ ಅಂತ ಲೈನಿನ ತುದಿಯ ಬೋರ್ಡಿನಲ್ಲಿ ಬರೆದಿರುತ್ತಿದ್ದರು. ಒಂದು ಸಲ ಗೌರಿ ಹಬ್ಬದ ಹಿಂದಿನ ದಿನ, ಬೇಗ ಮುಗಿಸಿದರೆ ಬೇಗ ಬಿಟ್ಟಾರು ಅಂತ ಲೈನಿನವರೆಲ್ಲ ನೀರು ಕುಡಿಯೋಕೂ ಏಳದೆ ಹೊಲಿದರು. ಟಾರ್ಗೆಟ್ ದಾಟಿತು. ಹಬ್ಬ ಮುಗಿಸಿ ಬಂದು ನೋಡಿದರೆ ಬೋರ್ಡಿನ ಸಂಖ್ಯೆ ಏರಿತ್ತು. ಸಂಬಳ ಅಷ್ಟೇ ಇತ್ತು. ಆಮೇಲೆ ಹೊಸದಾಗಿ ಸೇರಿದ ಹುಡುಗಿಯರಿಗೆ ಚಿಕ್ಕಮ್ಮ ಮೆಲ್ಲಗೆ ಹೇಳುತ್ತಿದ್ದ ಮಾತು ಒಂದೇ: "ಜಾಸ್ತಿ ಬೇಗ ಹೊಲೀಬೇಡ ಕಣೇ, ನಾಳೆ ನಮಗೇ ಕಷ್ಟ." ಅವರು ಸೋಮಾರಿ ಅಲ್ಲ. ನಾನು ಕಂಡವರಲ್ಲಿ ಅವರಷ್ಟು ದುಡಿದವರು ಕಡಿಮೆ. ದೊನ್ಬಾಸ್‌ನಲ್ಲಿ ಪಾರ್ಟಿ ಬರೆದ ಬೋರ್ಡು, ಇಲ್ಲಿ ಕಂಪನಿ ಬರೆದ ಬೋರ್ಡು. ಅದರ ಕೆಳಗೆ ಕೂತವರ ಲೆಕ್ಕಾಚಾರ ಮಾತ್ರ ಒಂದೇ.

ಚೀನಾದಲ್ಲಿ ಇದು ಇನ್ನೂ ಕ್ರೂರವಾಗಿತ್ತು. ಅನ್ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಹಳ್ಳಿಯಲ್ಲಿ ಎಲ್ಲರೂ ಒಟ್ಟಾಗಿ ಉಳಬೇಕು, ದಿನದ ಕೆಲಸಕ್ಕೆ ಅಂಕ ಬರೆಸಿಕೊಳ್ಳಬೇಕಿತ್ತು. ಜಾಸ್ತಿ ಬೆಳೆದರೂ ತನ್ನ ಮನೆಗೇ ಬರುತ್ತದೆ ಅನ್ನೋ ಭರವಸೆ ಇರಲಿಲ್ಲ. ಹಸಿವು ತಾಳಲಾರದೆ ಜನ ಭಿಕ್ಷೆಗೆ ಊರೂರು ಅಲೆಯುತ್ತಿದ್ದರು. 1978ರ ಚಳಿಗಾಲದಲ್ಲಿ 18 ರೈತರು ಗುಟ್ಟಾಗಿ ಒಂದು ಮಣ್ಣಿನ ಮನೆಯಲ್ಲಿ ಸೇರಿ ಹೊಲಗಳನ್ನು ಮನೆಮನೆಗೆ ಹಂಚಿಕೊಂಡರು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದು ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಅಂತಲೂ ಬರೆದುಕೊಂಡರು. ಮರುವರ್ಷದ ಫಸಲು ಹಿಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಯಿತು. ಅದೇ ಮಣ್ಣು, ಅದೇ ಜನ. ಸರ್ಕಾರ ಶಿಕ್ಷೆ ಕೊಡೋ ಬದಲು ಕೊನೆಗೆ ಅದೇ ದಾರಿಯನ್ನು ದೇಶಕ್ಕೆಲ್ಲ ಹರಡಿತು.

ಈಗ ಮಗನ ವಿಷಯ. ಓದು, ದುಡಿ ಅಂತ ಖಂಡಿತ ಹೇಳಿ. ಜೊತೆಗೆ ಇದನ್ನೂ ಹೇಳಿ. ಬಡ ಕುಟುಂಬವೊಂದು ಸರಾಸರಿ ಆದಾಯ ಮುಟ್ಟೋಕೆ ಎಷ್ಟು ತಲೆಮಾರು ಬೇಕು ಅಂತ, ಹೆಚ್ಚಾಗಿ ಶ್ರೀಮಂತ ದೇಶಗಳೇ ಸೇರಿ ಕಟ್ಟಿಕೊಂಡ ಒಇಸಿಡಿ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತು. ಡೆನ್ಮಾರ್ಕಿನಲ್ಲಿ 2 ತಲೆಮಾರು, ಭಾರತದಲ್ಲಿ 7. ಡೆನ್ಮಾರ್ಕ್ ಸಮಾಜವಾದಿ ದೇಶ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಅಲ್ಲೂ ಇರೋದು ಮಾರುಕಟ್ಟೆಯೇ. ಆದರೆ ಭಾರಿ ತೆರಿಗೆ ಹಾಕಿ, ಆ ದುಡ್ಡಲ್ಲಿ ಎಲ್ಲರ ಮಕ್ಕಳ ಓದು, ಆಸ್ಪತ್ರೆ ನೋಡಿಕೊಳ್ಳುತ್ತಾರೆ. ಸಂಬಳದ ಮಾತಿಗೆ ಕೂತಾಗ ಮಾಲೀಕರ ಎದುರಿಗೆ ಗಟ್ಟಿ ಕಾರ್ಮಿಕ ಸಂಘಗಳೂ ಕೂರುತ್ತವೆ. ಅಲ್ಲಿ ಕೊಳಗಕ್ಕೆ ನಾಲ್ಕು ಕೈ ಹಚ್ಚಿವೆ. ನನಗೆ ಸರಿ ಅನ್ನಿಸೋದು ಆ ದಾರಿ.

ನಮ್ಮಲ್ಲೂ ಒಮ್ಮೆ ಕೊಳಗ ಕೈ ಬದಲಾಯಿಸಿತು. ಕಾಗೋಡಾಗಿ 23 ವರ್ಷಕ್ಕೆ, 1974ರಲ್ಲಿ, ದೇವರಾಜ ಅರಸು ಸರ್ಕಾರ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಉಳುವ ಗದ್ದೆಯ ಹಕ್ಕು ಕೇಳಿ ಡಿಕ್ಲರೇಷನ್ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಲಕ್ಷಾಂತರ ಕುಟುಂಬಗಳು ಉಳುತ್ತಿದ್ದ ಗದ್ದೆಗೆ ತಾವೇ ಒಡೆಯರಾದವು. ಆ ವರ್ಷ ಅವರೇನೂ ಹೆಚ್ಚಿಗೆ ದುಡಿದಿರಲಿಲ್ಲ. ಅದೇ ಎತ್ತು, ಅದೇ ನೇಗಿಲು. ಮನೆಗೆ ಬರುವ ಭತ್ತ ಮಾತ್ರ ಜಾಸ್ತಿಯಾಯಿತು. ಮಕ್ಕಳು ಹೈಸ್ಕೂಲು ದಾಟಿದರು. ಆದರೆ ಅದೇ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದ ಕೂಲಿ ಹೆಂಗಸರಿಗೆ ಗೇಣಿಯ ಹಕ್ಕೇ ಇರಲಿಲ್ಲ. ಅವರ ಹೆಸರು ಪಹಣಿಯಲ್ಲಿ ಬರಲಿಲ್ಲ.